ಹನ್ನೊಂದು ಘಾಟಿಯ ಪಟ್ಟಿ

ಈ ಸಲ ಗೌರಿ ಹಬ್ಬಕ್ಕೆ ತೀರ್ಥಹಳ್ಳಿಯ ಮಾವನ ಮನೆಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಮೂರು ತಿಂಗಳಿಂದ ನನ್ನ ಸಂಜೆಗಳೆಲ್ಲ ಅದರಲ್ಲೇ ಕಳೆದಿದ್ದವು. ಮೊದಲ ಹಾಳೆಗಳಲ್ಲಿ ಊರಿಂದೂರಿಗೆ ದೂರ, ಪೆಟ್ರೋಲ್ ಬಂಕ್, ರಾತ್ರಿ ಉಳಿಯಬಹುದಾದ ಜಾಗ. ನಡುವಿನ ಜೋಡಿ ಹಾಳೆಯಲ್ಲಿ ಕೈಯಾರೆ ಬರೆದ ನಕ್ಷೆ. ಎಡಗಡೆ ಸಮುದ್ರ, ಬಲಗಡೆ ಘಟ್ಟದ ಮೇಲಿನ ಊರುಗಳು, ಮಧ್ಯದಲ್ಲಿ ಗೋಣಿಚೀಲದ ಬಾಯಿ ಹೊಲಿದ ಹಾಗೆ ಆ ಕಡೆಗೂ ಈ ಕಡೆಗೂ ಹೋಗಿಬರುತ್ತ ಕೆಳಗಿನಿಂದ ಮೇಲಕ್ಕೆ ಸಾಗುವ ಒಂದು ಗೆರೆ.

ಆಫೀಸಿನಲ್ಲಿ ಬೈಕ್ ಪ್ರವಾಸ ಅಂದರೆ ಲಡಾಖ್ ಅಂತಲೇ ಅರ್ಥ. ಹೋಗಿಬಂದವರು ಮೇಜಿನ ಮೇಲೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆ ಕಟ್ಟಿಕೊಂಡಿದ್ದಾರೆ. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಆ ದಾರಿಯ ಕತೆ ಕೇಳುವಾಗೆಲ್ಲ ನನಗೆ ನಮ್ಮ ಘಾಟಿಗಳೇ ನೆನಪಾಗುತ್ತಿದ್ದವು. ಚಿಕ್ಕಂದಿನಿಂದ ಅದೆಷ್ಟೋ ಸಲ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಇಳಿದ ದಾರಿಗಳು ಅವು. ಅವನ್ನೆಲ್ಲ ಒಂದೇ ಪ್ರಯಾಣದಲ್ಲಿ ಮುಗಿಸಲು ಆಗುತ್ತದೆಯೇ ಎಂಬ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ.

ಪಶ್ಚಿಮ ಘಟ್ಟದ ಉದ್ದಕ್ಕೆ, ಅದರ ನೆತ್ತಿಯ ಮೇಲೆ ಓಡುವ ರಸ್ತೆ ಅಂತ ಒಂದಿಲ್ಲ. ಬೆಟ್ಟ ಉತ್ತರ ದಕ್ಷಿಣಕ್ಕೆ ಮಲಗಿದೆ, ರಸ್ತೆಗಳು ಪೂರ್ವ ಪಶ್ಚಿಮಕ್ಕೆ ಅದನ್ನು ಸೀಳಿಕೊಂಡು ಇಳಿಯುತ್ತವೆ. ಹಾಗಾಗಿ ಘಟ್ಟದ ಜೊತೆಜೊತೆಗೇ ಹೋಗಬೇಕೆಂದರೆ ಒಂದು ಘಾಟಿ ಇಳಿಯಬೇಕು, ಕೆಳಗೆ ಸ್ವಲ್ಪ ದೂರ ಉತ್ತರಕ್ಕೆ ಹೋಗಬೇಕು, ಮುಂದಿನ ಘಾಟಿ ಹತ್ತಬೇಕು, ಮೇಲೆ ಸ್ವಲ್ಪ ದೂರ ಹೋಗಿ ಮತ್ತೊಂದನ್ನು ಇಳಿಯಬೇಕು. ಇದರಲ್ಲಿ ಒಂದು ಮಜಾ ಇದೆ. ಬೆಳಿಗ್ಗೆ ಕಾಫಿ ತೋಟದ ಚಳಿಯಲ್ಲಿ ಹೊರಟವನು ಹತ್ತು ಗಂಟೆಗೆ ತೆಂಗು ಅಡಿಕೆಯ ಸೆಖೆಯಲ್ಲಿರುತ್ತಾನೆ, ಸಂಜೆಗೆ ಮತ್ತೆ ಸ್ವೆಟರ್ ಹುಡುಕುತ್ತಾನೆ. ಬೆಳಗಿನ ತಿಂಡಿಗೆ ಕಡುಬಾದರೆ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ. ಭಾಷೆಯೂ ಒಂದೇ ದಿನದಲ್ಲಿ ಎರಡು ಸಲ ಬದಲಾಗುತ್ತದೆ.

ನನ್ನ ಪಟ್ಟಿ ಹೀಗಿತ್ತು. ಮಡಿಕೇರಿಯಿಂದ ಸಂಪಾಜೆ ಇಳಿದು ಸುಳ್ಯ. ಸುಬ್ರಹ್ಮಣ್ಯದಿಂದ ಬಿಸಿಲೆ ಹತ್ತಿ ಸಕಲೇಶಪುರ. ಶಿರಾಡಿ ಇಳಿದು ಗುಂಡ್ಯ, ಧರ್ಮಸ್ಥಳ, ಉಜಿರೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಅಲ್ಲಿಂದ ಕಳಸ. ಕುದುರೆಮುಖ ಇಳಿದು ಕಾರ್ಕಳ. ಹೆಬ್ರಿ, ಸೋಮೇಶ್ವರದಿಂದ ಆಗುಂಬೆ ಹತ್ತಿ ತೀರ್ಥಹಳ್ಳಿ. ನಗರದ ಮೇಲೆ ಹೋಗಿ ಕೊಲ್ಲೂರು ಘಾಟಿ ಇಳಿಯುವುದು. ಭಟ್ಕಳ ದಾಟಿ ಹೊನ್ನಾವರ, ಗೇರುಸೊಪ್ಪೆ ಹತ್ತಿ ಜೋಗ. ಸಿದ್ದಾಪುರ, ಶಿರಸಿ, ದೇವಿಮನೆ ಇಳಿದು ಕುಮಟಾ. ಅಂಕೋಲಾದಿಂದ ಅರಬೈಲು ಹತ್ತಿ ಯಲ್ಲಾಪುರ. ಜೋಯಿಡಾದಿಂದ ಅಣಶಿ ಇಳಿದು ಕದ್ರಾ, ಕಾರವಾರ. ಒಟ್ಟು ಹನ್ನೊಂದು ಘಾಟಿ, ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಕಿಲೋಮೀಟರ್, ಎಂಟು ದಿನ. ಕೊನೆಗೆ ಕಾರವಾರದ ಕಡಲ ತೀರದಲ್ಲಿ ಬೈಕ್ ನಿಲ್ಲಿಸಿ ಬೂಟು ಬಿಚ್ಚುವುದು. ಆ ಕೊನೆಯ ಚಿತ್ರವನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೆಂದರೆ ಅದು ಹೆಚ್ಚೂಕಡಿಮೆ ನಡೆದೇ ಹೋದಂತೆ ಅನ್ನಿಸುತ್ತಿತ್ತು.

ಮಾವನಿಗೆ ಈಗ ಎಪ್ಪತ್ತೆರಡು. ಮೂವತ್ತೊಂದು ವರ್ಷ ಖಾಸಗಿ ಬಸ್ಸಿನ ಡ್ರೈವರಾಗಿದ್ದವರು. ಆಗುಂಬೆ, ಹುಲಿಕಲ್, ಚಾರ್ಮಾಡಿ, ಈ ಮೂರು ಘಾಟಿಗಳಲ್ಲೇ ಅವರ ಸರ್ವೀಸು ಸವೆದದ್ದು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಸ್ಟೇರಿಂಗು ಮುಟ್ಟಿಲ್ಲ. ಹಬ್ಬದ ಊಟವಾದ ಮೇಲೆ ಜಗುಲಿಯಲ್ಲಿ ಅಡಿಕೆ ಹೋಳು ಮಾಡುತ್ತ ಕೂತಿದ್ದರು. ನೋಟ್‌ಬುಕ್ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಗೆರೆಯ ಮೇಲೆ ಬೆರಳಿಟ್ಟು, ಸಂಪಾಜೆಯಿಂದ ಶುರು ಮಾಡಿದರು. ಅವರ ಬೆರಳು ನಕ್ಷೆಯ ಮೇಲೆ ಹೋಗುವುದು ನೋಡಲು ಚೆನ್ನಾಗಿತ್ತು. ತಿರುವು ಬಂದಲ್ಲೆಲ್ಲ ನಿಧಾನವಾಗುತ್ತಿತ್ತು.

"ಬಿಸಿಲೆ ಸಂಜೆ ಹತ್ತಬೇಡ. ಆನೆ ಇರ್ತವೆ," ಅಂದರು. "ಶಿರಾಡಿ ಬೆಳಗಿನ ಜಾವ ಇಳಿದುಬಿಡು. ಲಾರಿ ಹಿಂದೆ ಸಿಕ್ಕಿಕೊಂಡ್ರೆ ಹೊಗೆ ಕುಡಿದೇ ಗುಂಡ್ಯ ಮುಟ್ತೀಯ." ಕುದುರೆಮುಖದ ಹತ್ತಿರ ಬಂದಾಗ, ಅರಣ್ಯ ಇಲಾಖೆಯ ಗೇಟಿನಲ್ಲಿ ಒಳಹೊಕ್ಕ ಸಮಯ ಬರೆದ ಚೀಟಿ ಕೊಡುತ್ತಾರೆ, ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ ಎಂದು ನಾನೇ ಹೇಳಿದೆ. ಅವರಿಗೆ ನೆನಪಿದ್ದದ್ದು ಬೇರೆ ಕುದುರೆಮುಖ. ಅದಿರು ಕಂಪನಿಯ ಟೌನ್‌ಶಿಪ್ಪು, ಅಲ್ಲಿನ ದೀಪಗಳು, ಪಾಳಿ ಬದಲಾಗುವ ಹೊತ್ತಿನ ಜನ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಅಲ್ಲಿ ಹೆಚ್ಚಿನ ಮನೆಗಳ ಬಾಗಿಲು ಮುಚ್ಚಿವೆ.

ಬೆರಳು ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಬಂತು. ಅಲ್ಲಿಂದ ನಗರಕ್ಕೆ ಹೋಯಿತು. ಕೊಲ್ಲೂರಿಗೆ ಇಳಿಯಲು ಹೊರಟು ನಿಂತಿತು. ಹಿಂದಕ್ಕೆ ಬಂತು.

"ಹುಲಿಕಲ್ ಎಲ್ಲಿ?"

ನಾನು ಸಿದ್ಧವಾಗಿಯೇ ಇದ್ದೆ. ಹುಲಿಕಲ್ ಸೇರಿಸಿದರೆ ಇಳಿಯುವ ಹತ್ತುವ ಲೆಕ್ಕ ಉಲ್ಟಾ ಆಗುತ್ತದೆ ಮಾವ, ಆಗುಂಬೆ ಹತ್ತಿ ಹುಲಿಕಲ್ ಇಳಿದರೆ ಕೊಲ್ಲೂರು ಹತ್ತಬೇಕಾಗುತ್ತದೆ, ಆಮೇಲೆ ಗೇರುಸೊಪ್ಪೆ ಇಳಿಯಬೇಕು, ಕೊನೆಗೆ ಅಣಶಿ ಹತ್ತಿ ದಾಂಡೇಲಿಯಲ್ಲಿ ಮುಗಿಯುತ್ತದೆ, ಸಮುದ್ರದ ಹತ್ತಿರ ಮುಗಿಯುವುದಿಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ಲೆಕ್ಕದ ಪ್ರಕಾರ ಸುಳ್ಳೇನಲ್ಲ. ಮಾವ ಕೇಳಿಸಿಕೊಂಡರು. ಕನ್ನಡಕ ತೆಗೆದು ಮಡಚಿಟ್ಟರು. "ಮಾಣಿ ಕಾರಣ ಚೆನ್ನಾಗಿ ಹುಡುಕಿದೆ," ಅಂತ ಅಡಿಕೆಗೆ ಹೇಳುವ ಹಾಗೆ ಹೇಳಿ ಹೋಳು ಮಾಡುವುದನ್ನು ಮುಂದುವರಿಸಿದರು.

ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ನಾನು ಹುಲಿಕಲ್ ಘಾಟಿಯಲ್ಲಿ ಬಿದ್ದಿದ್ದೆ. ಕುಂದಾಪುರದಲ್ಲಿ ಗೆಳೆಯನ ಮನೆಯ ಗೃಹಪ್ರವೇಶ. ಮಾವನ ಮನೆಯಲ್ಲೇ ಉಳಿದು ಬೆಳಿಗ್ಗೆ ಹೊರಟಿದ್ದೆ. ಮಾಸ್ತಿಕಟ್ಟೆ ದಾಟುವಾಗ ಮಳೆ ಬಿಟ್ಟಿತ್ತು. ಎಲ್ಲರಿಗೂ ನಾನು ಹೇಳಿದ ಕತೆ ಇಷ್ಟು: ತಿರುವಿನಲ್ಲಿ ಬಸ್ ಎದುರು ಬಂತು, ಜಾಗ ಬಿಡಲು ಅಂಚಿಗೆ ಹೋದೆ, ಅಲ್ಲಿ ಪಾಚಿ ಇತ್ತು, ಮುಂದಿನ ಚಕ್ರ ಜಾರಿತು. ಪುಣ್ಯಕ್ಕೆ ಬಿದ್ದದ್ದು ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಯ ಚರಂಡಿಗೆ. ಎಡಗಡೆಯ ಕಾಲರ್ ಮೂಳೆ ಮುರಿಯಿತು. ಬಸ್ಸಿನ ಕಂಡಕ್ಟರೂ ಇಬ್ಬರು ಪ್ರಯಾಣಿಕರೂ ನನ್ನನ್ನು ಎತ್ತಿದರು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದೆ. ಆಮೇಲೆ ನನ್ನ ಹನ್ನೊಂದು ವರ್ಷದ ಯೂನಿಕಾರ್ನ್ ಬೆಂಗಳೂರಿನಲ್ಲಿ ಆಫೀಸು ಮನೆ ಬಿಟ್ಟು ಎಲ್ಲೂ ಹೋಗಿಲ್ಲ.

ಈ ಪ್ರವಾಸದ ಯೋಜನೆ ಶುರುವಾದದ್ದೂ ಅದಕ್ಕೇ ಇರಬೇಕು. ಒಂದು ಫ್ಲೈಓವರಿನ ಇಳಿಜಾರಿನಲ್ಲಿ ಮಳೆ ಹನಿ ಬಿದ್ದರೂ ನನ್ನ ಬೆರಳುಗಳು ತಾವಾಗಿಯೇ ಬ್ರೇಕ್ ಹಿಡಿಯುತ್ತಿದ್ದವು. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು. ಹೀಗೇ ಬಿಟ್ಟರೆ ಬೈಕನ್ನು ಮಾರಿಯೇ ಬಿಡುತ್ತೇನೆ ಅಂತ ಗೊತ್ತಾಯಿತು. ಒಂದು ಘಾಟಿಯ ಹೆದರಿಕೆಯನ್ನು ಹನ್ನೊಂದು ಘಾಟಿಗಳಿಂದ ಕಳೆಯುವ ಲೆಕ್ಕಾಚಾರ ಅದು. ಆದರೆ ಹೆದರಿಕೆ ಹುಟ್ಟಿಸಿದ ಆ ಒಂದನ್ನೇ ಪಟ್ಟಿಯಿಂದ ಬಿಟ್ಟಿದ್ದೆ. ಮೂರು ತಿಂಗಳು ಆ ನಕ್ಷೆಯನ್ನು ದಿನಾ ನೋಡಿದರೂ ಅಲ್ಲೊಂದು ಖಾಲಿ ಇದೆ ಅಂತ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಸಂಜೆ ಹೊತ್ತಿಗೆ ಮತ್ತೆ ಮಳೆ ಹಿಡಿಯಿತು. ಅತ್ತೆ ಕಾಫಿ ತಂದಿಟ್ಟರು. ಮಾತು ತಾನಾಗಿ ಹಳೇ ಘಾಟಿಗಳ ಕಡೆ ಹೋಯಿತು. ಈ ರಸ್ತೆಗಳು ಯಾವುವೂ ನೋಡಲಿಕ್ಕೆಂದು ಆದವಲ್ಲ. ಕೆಳದಿ ಅರಸರ ಬಿದನೂರಿನಿಂದ ಮೆಣಸು ಅಕ್ಕಿ ಹೇರಿಕೊಂಡ ಎತ್ತುಗಳು ಬಸ್ರೂರಿನ ಬಂದರಿಗೆ ಇಳಿಯುತ್ತಿದ್ದವು. ಧಾರವಾಡದ ಕಡೆಯ ಹತ್ತಿ ದೇವಿಮನೆ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಅಂತಲೇ ಹೆಸರಾಯಿತು, ಕುಮಟಾದಲ್ಲಿ ಬೆಳೆಯದಿದ್ದರೂ. ಮೇಲೆ ಬರುವಾಗ ಉಪ್ಪು, ಒಣಮೀನು. ಹಳೇ ದಾರಿಗಳಲ್ಲಿ ಅಲ್ಲಲ್ಲಿ ಹೊರೆಗಲ್ಲು ಇರುತ್ತಿದ್ದವು. ತಲೆಹೊರೆ ಹೊತ್ತವನು ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಇಳಿಸಿ, ಉಸಿರು ಬಿಟ್ಟು, ಮತ್ತೆ ತಲೆಗೇರಿಸಿಕೊಳ್ಳುವಷ್ಟು ಎತ್ತರದ ಕಲ್ಲು. ನಾನು ನೋಟ್‌ಬುಕ್ಕಿನಲ್ಲಿ ವ್ಯೂ ಪಾಯಿಂಟ್‌ಗಳನ್ನು ಗುರುತು ಹಾಕಿಕೊಂಡಿದ್ದೇನೆ. ಆ ಕಾಲದವರ ಪಟ್ಟಿಯಲ್ಲಿ ಇದ್ದದ್ದು ಹೊರೆಗಲ್ಲುಗಳು.

"ನೀವು ಅಷ್ಟು ವರ್ಷ ಆಗುಂಬೆ ಇಳಿದಿದ್ದೀರಲ್ಲ, ಸೂರ್ಯಾಸ್ತ ಎಷ್ಟು ಸಲ ನೋಡಿರಬಹುದು?" ಅಂತ ಕೇಳಿದೆ.

ಮಾವ ನಕ್ಕರು. "ಸೂರ್ಯ ಕಣ್ಣಿಗೆ ಹೊಡೀತಿದ್ದ, ಅದು ಗೊತ್ತು. ಹದಿನಾಲ್ಕು ಸುತ್ತು ಇದಾವೆ ಮಾರಾಯ. ಕಣಿವೆ ನೋಡ್ತಾ ಕೂತ್ರೆ ಐವತ್ತು ಜನ ಮನೆಗೆ ಹೋಗೋದು ಬೇಡ್ವಾ?"

ಬಸ್ ಬಿಟ್ಟ ಮೇಲಾದರೂ, ಪ್ರಯಾಣಿಕನಾಗಿ ಹೋಗುವಾಗ? ಅದಕ್ಕೂ ಅವರ ಉತ್ತರ ಅದೇ. ಡ್ರೈವರ್ ಪಕ್ಕದ ಸೀಟಿನಲ್ಲೇ ಕೂರುತ್ತಾರಂತೆ. ರಸ್ತೆಯ ಮೇಲಿಂದ ಕಣ್ಣು ಏಳುವುದಿಲ್ಲವಂತೆ, ಬಲಗಾಲು ತಾನಾಗಿ ಒತ್ತುತ್ತದಂತೆ. "ಅಲ್ಲಿ ಬ್ರೇಕೇ ಇಲ್ಲ, ಆದ್ರೂ ಒತ್ತೋದು," ಅಂತ ಅತ್ತೆ ಒಳಗಿಂದ ಹೇಳಿದರು.

ಮಳೆಯ ಸದ್ದಿನ ನಡುವೆ ಮಾವ ಇದ್ದಕ್ಕಿದ್ದಂತೆ ಕೇಳಿದರು: "ಅವತ್ತು ಗಾಡಿ ಆಫ್ ಮಾಡಿದ್ಯಲ್ಲ, ಎಂತಕ್ಕೆ?"

ನನ್ನ ಕೈಯಲ್ಲಿದ್ದ ಲೋಟ ತಣ್ಣಗಾದಂತಾಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಆ ದಿನ ಹುಲಿಕಲ್ಲಿನ ಇಳಿಜಾರು ಶುರುವಾದ ಮೇಲೆ ನಾನು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಬೈಕನ್ನು ಇಳಿಜಾರಿಗೆ ಬಿಟ್ಟಿದ್ದೆ. ಪೆಟ್ರೋಲ್ ಉಳಿಸಲಿಕ್ಕಲ್ಲ. ಸದ್ದಿಗಾಗಿ. ಎಂಜಿನ್ ನಿಂತ ಕೂಡಲೇ ಕಾಡು ಎಲ್ಲ ಕಡೆಯಿಂದ ಒಮ್ಮೆಲೇ ಕಿವಿಗೆ ಬಂತು. ಬಂಡೆಯ ಮೇಲಿನ ಝರಿಗಳು, ಎಲೆಯಿಂದ ಎಲೆಗೆ ಬೀಳುವ ಹನಿ, ಜೀರುಂಡೆ, ದೂರದಲ್ಲಿ ಯಾವುದೋ ಹಕ್ಕಿಯ ಸಿಳ್ಳೆ. ಅದಕ್ಕಿಂತ ಸುಖದ ಎರಡು ನಿಮಿಷ ನನ್ನ ಜೀವನದಲ್ಲಿ ಹೆಚ್ಚು ಇಲ್ಲ. ಎಂಜಿನ್ ಹಿಡಿತ ಇಲ್ಲದ್ದರಿಂದ ಬೈಕಿನ ವೇಗ ನನಗೆ ಗೊತ್ತಾಗದ ಹಾಗೆ ಏರುತ್ತಿತ್ತು. ಕೀ ತಿರುಗಿಸಿದ ಗಾಡಿಗೆ ಹಾರ್ನ್ ಇಲ್ಲ, ದೀಪ ಇಲ್ಲ. ಕೆಳಗಿನ ತಿರುವಿನಿಂದ ಬಸ್ಸಿನ ಹಾರ್ನ್ ಕೇಳಿದಾಗ ನನ್ನ ಹೆಬ್ಬೆರಳು ಗುಂಡಿ ಒತ್ತಿತು, ಏನೂ ಆಗಲಿಲ್ಲ. ಪಾಚಿ ಇದ್ದದ್ದು ನಿಜ. ಆದರೆ ಗೇರಿನಲ್ಲಿ ಇಳಿಯುತ್ತಿದ್ದರೆ ಆ ಪಾಚಿಯ ಮೇಲೆ ನಾನು ಬ್ರೇಕನ್ನು ಅಷ್ಟು ಜೋರಾಗಿ ಹಿಡಿಯಬೇಕಾಗಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ಆ ಬಸ್ಸಿನ ಡ್ರೈವರ್ ನನ್ನ ಹತ್ರ ಕ್ಲೀನರ್ ಆಗಿದ್ದವನು. ಅವತ್ತೇ ಸಂಜೆ ಫೋನ್ ಮಾಡಿದ್ದ. ಸದ್ದಿಲ್ಲ, ಲೈಟಿಲ್ಲ, ಹಾರ್ನಿಲ್ಲ, ದೆವ್ವ ಬಂದ ಹಾಗೆ ಬಂತು ಅಣ್ಣ ಅಂದ."

ಎರಡು ವರ್ಷ ಮಾವ ಅದನ್ನು ನುಂಗಿಕೊಂಡಿದ್ದರು. ಆಸ್ಪತ್ರೆಗೆ ಬಂದಾಗ ಪಕ್ಕದಲ್ಲಿ ಕೂತು, ರಸ್ತೆಯಲ್ಲಿ ಪಾಚಿ ಕೆರೆಯದೇ ಇರುವವರಿಗೆ ಬೈದ ನನ್ನ ಮಾತಿಗೆ ಹೂಂಗುಟ್ಟಿದ್ದರು. ಝರಿಯ ಸದ್ದು ಕೇಳಲಿಕ್ಕೆ ಅಂತ ಕಾರಣ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಮಳೆ ನೋಡಿದರು. "ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಇದನ್ನ ಬರ್ಕೋ," ಅಂದರು. ಬರೆದುಕೊಂಡೆ. ಹತ್ತುವ ಗಾಡಿಗೆ ದಾರಿ ಬಿಡುವುದು. ತಿರುವಿನ ಮೊದಲೇ ಬ್ರೇಕು, ತಿರುವಿನೊಳಗೆ ಅಲ್ಲ. ಮಂಜು ಕವಿದರೆ ಹೈ ಬೀಮ್ ಹಾಕಬಾರದು, ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತದೆ. ರಸ್ತೆ ಮೇಲೆ ಹೊಸ ಮಣ್ಣು, ಸಣ್ಣ ಕಲ್ಲು ಕಂಡರೆ ಅಲ್ಲಿ ನಿಂತು ಮೇಲೆ ನೋಡಬಾರದು, ದಾಟಿ ಹೋಗಿ ಆಮೇಲೆ ನಿಲ್ಲಬೇಕು. ಝರಿ ಯಾವತ್ತಿನ ಬಣ್ಣ ಬಿಟ್ಟು ಕೆಂಪಗೆ ಇಳಿಯುತ್ತಿದ್ದರೆ ವಾಪಸ್ ತಿರುಗಬೇಕು. ಕೊನೆಯದನ್ನು ಎರಡು ಸಲ ಹೇಳಿದರು.

ರಾತ್ರಿ ಮಂಚದ ಮೇಲೆ ಕೂತು ಹೊಸ ಹಾಳೆಯಲ್ಲಿ ನಕ್ಷೆ ಮತ್ತೆ ಬರೆದೆ. ಆಗುಂಬೆಯವರೆಗೆ ಏನೂ ಬದಲಾವಣೆ ಇಲ್ಲ. ಅಲ್ಲಿಂದ ಮುಂದೆ ಹುಲಿಕಲ್ ಇಳಿದು ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಕೊಲ್ಲೂರು ಘಾಟಿ ಹತ್ತಿ ಶರಾವತಿ ಹಿನ್ನೀರಿನ ಕಡೆ. ಮೊದಲಾದರೆ ಅಲ್ಲಿ ಲಾಂಚಿಗೆ ಕಾದು ನಿಲ್ಲಬೇಕಾಗಿತ್ತು, ಬೈಕನ್ನೂ ಲಾಂಚಿಗೇ ಹತ್ತಿಸಬೇಕಾಗಿತ್ತು. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆದಿದೆ, ಈಗ ನಾಲ್ಕೈದು ನಿಮಿಷದ ಮಾತು. ಲಾಂಚಿನ ಆ ಕಾಯುವಿಕೆ ಹೋಯಿತಲ್ಲ ಅಂತ ನನ್ನಂಥ ಬೆಂಗಳೂರಿನವನಿಗೆ ಅನ್ನಿಸುತ್ತದೆ. ರಾತ್ರಿ ಹೆರಿಗೆ ನೋವು ಬಂದರೆ ದಡದಲ್ಲಿ ಕೂತು ಬೆಳಗಾಗುವುದನ್ನು ಕಾಯಬೇಕಿದ್ದ ತುಮರಿಯ ಕಡೆಯವರಿಗೆ ಹಾಗನ್ನಿಸಲಾರದು. ಸಾಗರ, ಜೋಗ, ಗೇರುಸೊಪ್ಪೆ ಇಳಿದು ಹೊನ್ನಾವರ. ಕುಮಟಾದಿಂದ ದೇವಿಮನೆ ಹತ್ತಿ ಶಿರಸಿ. ಯಲ್ಲಾಪುರದಿಂದ ಅರಬೈಲು ಇಳಿದು ಅಂಕೋಲಾ. ಕಾರವಾರ, ಕದ್ರಾ, ಅಣಶಿ ಹತ್ತಿ ದಾಂಡೇಲಿ. ಹನ್ನೆರಡು ಘಾಟಿ. ಆರು ಇಳಿಯುವುದು, ಆರು ಹತ್ತುವುದು.

ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ಹಳೆಯ ನಕ್ಷೆಯಲ್ಲಿ ದೇವಿಮನೆ ಇಳಿದು ಅರಬೈಲಿಗೆ ಹೋಗುವಾಗ ಕುಮಟಾದಿಂದ ಅಂಕೋಲಾದವರೆಗೆ ಕರಾವಳಿಯ ಹೆದ್ದಾರಿಯಲ್ಲಿ ಹೋಗಬೇಕಿತ್ತು. ಆ ತುಂಡಿನ ಮುಂದೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಚತುಷ್ಪಥ. 40 ನಿಮಿಷ. ವಿಶೇಷ ಏನಿಲ್ಲ."

ಅಂಕೋಲಾದ ಹತ್ತಿರದ ಶಿರೂರು ಇರುವುದು ಆ ತುಂಡಿನಲ್ಲೇ. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಬಂತು. ರಸ್ತೆಬದಿಯ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಜನ, ವಾಹನ, ಎಲ್ಲವೂ ಮಣ್ಣಿನ ಕೆಳಗೆ, ಗಂಗಾವಳಿ ನದಿಯೊಳಗೆ. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಮಣ್ಣು ನುಗ್ಗಿತು. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಎರಡು ತಿಂಗಳಿಗೂ ಹೆಚ್ಚು ಹುಡುಕಾಟ ನಡೆದು, ಸೆಪ್ಟೆಂಬರಿನ ಕೊನೆಗೆ ಲಾರಿಯನ್ನು ನದಿಯಿಂದ ಎತ್ತಿದರು. ಆ ದಿನಗಳಲ್ಲಿ ನಾನೂ ಎಲ್ಲರಂತೆ ಟೀವಿಯ ಮುಂದೆ ಕೂತಿದ್ದೆ. ವರ್ಷ ಕಳೆಯುವುದರೊಳಗೆ ಅದೇ ಜಾಗದ ಮುಂದೆ ವಿಶೇಷ ಏನಿಲ್ಲ ಅಂತ ಬರೆದಿದ್ದೆ. ನಾನು ಘಾಟಿಗಳ ಪಟ್ಟಿ ಮಾಡುತ್ತಿದ್ದೆ, ಅದು ಘಾಟಿ ಅಲ್ಲ, ಅಷ್ಟೇ. ನೋಡುವ ಜಾಗ ಅಲ್ಲದ್ದು ನನ್ನ ನೋಟ್‌ಬುಕ್ಕಿನಲ್ಲಿ ಬರೀ ನಿಮಿಷಗಳಾಗಿತ್ತು.

ಬೆಳಿಗ್ಗೆ ಮಾವನಿಗೆ ತೋರಿಸಿದೆ. "ಗುಡ್ಡದ ಕಾಲು ಕಡಿದ್ರೆ ಗುಡ್ಡ ಎಲ್ಲಿ ನಿಲ್ಬೇಕು?" ಅಂದರು. ಅವರ ಕಾಲದಲ್ಲೂ ಘಾಟಿಗಳಲ್ಲಿ ಮಣ್ಣು ಕುಸಿಯುತ್ತಿತ್ತು, ಒಂದು ಮರ, ಎರಡು ಬಂಡೆ, ಹಾರೆ ಗುದ್ದಲಿಯಲ್ಲಿ ಪ್ರಯಾಣಿಕರೇ ದಾರಿ ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದರಂತೆ. ಈಗಿನ ಕುಸಿತ ಆ ಜಾತಿಯದ್ದಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸಂಪಾಜೆಯ ನಡುವಿನ ಜೋಡುಪಾಲದಲ್ಲಿ ಗುಡ್ಡ ಇಳಿದು ಹೆದ್ದಾರಿ ಮುಚ್ಚಿತು. ಮರುವರ್ಷ ಚಾರ್ಮಾಡಿ. ದೇವಿಮನೆ ಅಗಲೀಕರಣ, ಶಿರಾಡಿಯ ಚತುಷ್ಪಥ. ನಾನು ಹೋಗಬೇಕೆಂದಿರುವ ಹನ್ನೆರಡರಲ್ಲಿ ಜೆಸಿಬಿಯ ಹಲ್ಲಿನ ಗುರುತು ಇಲ್ಲದ ಘಾಟಿ ಎಷ್ಟಿರಬಹುದು? ನಾವು ನಿಂತು ಫೋಟೋ ತೆಗೆಯುವ ಜಾಗದಲ್ಲಿ ನೋಟ ತೆರೆದುಕೊಳ್ಳುವುದೇ ಅಲ್ಲಿ ಮರ ಕಡಿದಿರುವುದರಿಂದ, ಗುಡ್ಡ ಕೊರೆದಿರುವುದರಿಂದ. ಇದು ಗೊತ್ತಿದ್ದೂ ಹೋಗುತ್ತೇನೆ. ನನ್ನ ನೂರೈವತ್ತು ಸಿಸಿಯ ಬೈಕಿಗೆ ನಾಲ್ಕು ಪಥ ಬೇಕಿಲ್ಲ ಅಂತ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಹಬ್ಬಕ್ಕೆ ಬರುವಾಗ ಬಸ್ ಒಂದು ಗಂಟೆ ತಡವಾದರೆ ರಸ್ತೆಗೆ ಶಾಪ ಹಾಕುವವನೂ ನಾನೇ.

ಹೊಸ ನಕ್ಷೆಯಲ್ಲಿ ಶಿರೂರು ದಾರಿಯಿಂದ ತಪ್ಪಿಹೋಗುತ್ತದೆ. ಅರಬೈಲು ಇಳಿದು ಹೆದ್ದಾರಿ ಸೇರುವಲ್ಲಿ ನಾನು ಬಲಕ್ಕೆ, ಕಾರವಾರದ ಕಡೆ ತಿರುಗಬೇಕು. ಎಡಕ್ಕೆ ತಿರುಗಿದರೆ ಕೆಲವೇ ಕಿಲೋಮೀಟರ್. ಹೋಗಿ ಏನು ಮಾಡುವುದು? ಸತ್ತವರ ಜಾಗ ನೋಡಲು ಹೆಲ್ಮೆಟ್ ಹಾಕಿಕೊಂಡು ಹೋಗುವುದರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಹೋಗದೆ ಇರುವುದೂ ಸರಿ ಅನ್ನಿಸಲಿಲ್ಲ. "ಹೋಗು. ಫೋಟೋ ತೆಗೀಬೇಡ," ಅಂದರು ಮಾವ. ಆ ದಿನದ ಲೆಕ್ಕಕ್ಕೆ ಒಂದು ಗಂಟೆ ಸೇರಿಸಿದೆ.

ಯಾವಾಗ ಎಂಬುದು ಉಳಿದಿತ್ತು. ಇಷ್ಟು ದಿನ ನಾನು ಸೆಪ್ಟೆಂಬರ್ ಕೊನೆ ಅಂತ ಹಟ ಹಿಡಿದಿದ್ದೆ. ಹಸಿರು ಬೇಕು, ಝರಿ ಬೇಕು, ಮಂಜು ಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯನ್ನು ಒಣಗಿದ ಮೇಲೆ ನೋಡುವುದೆಂದರೆ ಯಕ್ಷಗಾನದವರನ್ನು ಬಣ್ಣ ತೊಳೆದುಕೊಂಡ ಮೇಲೆ ನೋಡಿದ ಹಾಗೆ ಅಂತ ವಾದಿಸುತ್ತಿದ್ದೆ. ಈಗ ಆ ವಾದದಲ್ಲಿ ನನಗೇ ಬಲ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ, ನವೆಂಬರಿನ ಎರಡನೇ ವಾರ ಅಂತಾಯಿತು. ಅಷ್ಟು ಹೊತ್ತಿಗೆ ರಸ್ತೆಯಂಚಿನ ಪಾಚಿ ಒಣಗಿರುತ್ತದೆ. ಝರಿಗಳು ಅರ್ಧಕ್ಕೆ ಇಳಿದಿರುತ್ತವೆ, ಆದರೂ ಇರುತ್ತವೆ. ಬೆಳಗಿನ ಮಂಜಂತೂ ಎಲ್ಲೂ ಹೋಗುವುದಿಲ್ಲ.

ಬೆಂಗಳೂರಿಗೆ ಫೋನ್ ಮಾಡಿ ಹೆಂಡತಿಗೆ ದಿನಾಂಕ ಹೇಳಿದೆ. ಅವಳ ಷರತ್ತುಗಳು ಮೊದಲೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿದ್ದವು. ಕತ್ತಲಾದ ಮೇಲೆ ಓಡಿಸುವ ಹಾಗಿಲ್ಲ. ಬಿಸಿಲೆ, ಕುದುರೆಮುಖ, ಅಣಶಿಯಂಥ ಸಿಗ್ನಲ್ ಸಿಗದ ಕಡೆ ಹೋಗುವ ಮೊದಲೊಂದು, ಹೊರಬಂದ ಮೇಲೊಂದು ಮೆಸೇಜ್. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಇದ್ದರೆ ಇದ್ದ ಊರಿನಲ್ಲೇ ಇರುವುದು. ಕೀ ತಿರುಗಿಸಿದ್ದನ್ನೂ ಅವಳಿಗೆ ಅವತ್ತೇ ಹೇಳಿದೆ. ಅವಳು ಕೆಲವು ಸೆಕೆಂಡು ಏನೂ ಹೇಳಲಿಲ್ಲ. ಆಮೇಲೆ, "ಮನೆಗೆ ಬಾ, ಮಾತಾಡೋಣ," ಅಂದಳು. ಮಾತಾಡಿದೆವು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ನವೆಂಬರ್ ರದ್ದಾಗಲಿಲ್ಲ ಅಂತಷ್ಟೇ ಹೇಳಬಹುದು.

ಬೈಕಿನ ಪಟ್ಟಿ ದೊಡ್ಡದೇನಿಲ್ಲ. ಚೈನು ಮತ್ತು ಸ್ಪ್ರಾಕೆಟ್ ಹೊಸದು, ಮುಂದಿನ ಡಿಸ್ಕಿನ ಪ್ಯಾಡು, ಹಿಂದಿನ ಬ್ರೇಕ್ ಶೂ, ಎರಡೂ ಟೈರು. ಸ್ಪೇರ್ ಕ್ಲಚ್ ಕೇಬಲ್ಲೊಂದನ್ನು ಸೀಟಿನ ಕೆಳಗೆ ಕಟ್ಟಿಡುವುದು. ನಮ್ಮ ಬೀದಿಯ ಮೆಕ್ಯಾನಿಕ್ ಗಾಡಿಯ ಸುತ್ತ ಒಂದು ಸುತ್ತು ಬಂದು, ಎಂಜಿನ್ ಗಟ್ಟಿ ಇದೆ ಸಾರ್, ನೀವು ಗಟ್ಟಿ ಇದೀರಾ ನೋಡ್ಕೊಳ್ಳಿ ಅಂದ. ನನ್ನ ಎಡಭುಜದಲ್ಲಿ ಮೂಳೆ ಕೂಡಿದ ಜಾಗ ಈಗಲೂ ಅಂಗಿಯ ಮೇಲಿಂದ ಕೈಗೆ ಸಿಗುತ್ತದೆ. ಚಳಿಯಲ್ಲಿ ಸ್ವಲ್ಪ ಎಳೆಯುತ್ತದೆ. ಆಗುಂಬೆ ಹತ್ತುವ ಹೊತ್ತಿಗೆ ಅದು ಏನು ಹೇಳುತ್ತದೋ ನೋಡಬೇಕು.

ಯೋಜನೆಯ ಪ್ರಕಾರ ಐದನೆಯ ರಾತ್ರಿ ತೀರ್ಥಹಳ್ಳಿಯಲ್ಲಿ ಮಾವನ ಮನೆಯಲ್ಲಿ ಉಳಿಯುವುದು. ಆರನೆಯ ಬೆಳಿಗ್ಗೆ ಹುಲಿಕಲ್. ಹಬ್ಬ ಮುಗಿಸಿ ಹೊರಡುವ ದಿನ ಬಸ್‌ಸ್ಟ್ಯಾಂಡಿನವರೆಗೆ ಬಂದ ಮಾವ, ಬಸ್ ಹೊರಡಲು ಐದು ನಿಮಿಷ ಇರುವಾಗ ಕಿಟಕಿಯ ಹತ್ತಿರ ಬಂದು ನಿಂತರು.

"ಹುಲಿಕಲ್ ಇಳಿಯೋ ದಿನ ನಾನೂ ಬರ್ತೆ. ಹಿಂದೆ ಕೂರ್ತೆ."

"ಎಲ್ಲಿವರೆಗೆ ಮಾವ?"

"ಹೊಸಂಗಡಿವರೆಗೆ. ಅಲ್ಲಿಂದ ಬಸ್ಸಿಗೆ ವಾಪಸ್ ಬರ್ತೆ. ಚಂಡಿಕಾಂಬೆ ಗುಡಿ ಹತ್ರ ಒಂದು ಸಲ ನಿಲ್ಸು, ಕಾಣಿಕೆ ಹಾಕ್ಬೇಕು. ಮೊದಲೆಲ್ಲ ಓಡ್ತಾ ಇರೋ ಬಸ್ಸಿಂದ ಕಂಡಕ್ಟರ್ ಹತ್ರನೇ ಹಾಕಿಸ್ತಿದ್ದೆ." ಸ್ವಲ್ಪ ಸುಮ್ಮನಿದ್ದು, "ಬೈಕಲ್ಲಿ ಹಿಂದೆ ಕೂತ್ರೆ ಮುಂದೆ ರಸ್ತೆ ಕಾಣಲ್ಲ, ಅಲ್ವಾ? ನಿನ್ನ ಬೆನ್ನು ಅಡ್ಡ ಇರುತ್ತೆ. ಆ ಕಡೆ ಈ ಕಡೆ ನೋಡ್ಬಹುದು," ಅಂದರು.

ಬಲಗಾಲು ಒತ್ತಿದರೆ ಏನು ಮಾಡುವುದು ಅಂತ ಕೇಳಿದೆ. ಫುಟ್‌ರೆಸ್ಟ್ ಗಟ್ಟಿ ಇದೆಯಲ್ಲ, ಒತ್ತಿಕೊಳ್ಳಲಿ ಬಿಡು ಅಂದರು. ಅತ್ತೆಗೆ ಇನ್ನೂ ಹೇಳಿಲ್ಲವಂತೆ. ನೀನೂ ಹೇಳಬೇಡ, ಹತ್ತಿರ ಬಂದಾಗ ನೋಡೋಣ ಅಂದರು. ಬಸ್ ಹೊರಟಿತು. ಶಿವಮೊಗ್ಗದ ರಸ್ತೆಗೆ ಬಿದ್ದ ಮೇಲೆ ನೋಟ್‌ಬುಕ್ ತೆಗೆದು ಕ್ಲಚ್ ಕೇಬಲ್ಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಹೆಲ್ಮೆಟ್, ಇನ್ನೊಂದು. ತಲೆಯ ಅಳತೆ ಅತ್ತೆಗೆ ಗೊತ್ತಾಗದ ಹಾಗೆ ಕೇಳಬೇಕು.